ಎಷ್ಟಾತು ಇವತ್ತು?

ದಾವಣಗೆರೆಯಿಂದ ಹರಿಹರಕ್ಕೆ ಹೊರಟರೆ ನಡುವೆ ಬಾತಿ ಸಿಗುತ್ತದೆ. ಊರಿನ ಹೆಸರೆತ್ತಿದರೆ ಕೆರೆ, ಗುಡ್ಡ ಎರಡೂ ಕಣ್ಣಮುಂದೆ ಬರುತ್ತವೆ. ಈ ಕಡೆ ಬೆಳಗಿನ ಮಾತುಕತೆಗೆ ಈಗ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. "ದೊಡ್ಡಪ್ಪ, ಎಷ್ಟಾತು ಇವತ್ತು?" ದೊಡ್ಡಪ್ಪ ಜೇಬಿನಿಂದ ಮೊಬೈಲ್ ತೆಗೆದು, ತುಸು ದೂರ ಹಿಡಿದು ಹೆಜ್ಜೆ ಎಣಿಸುವ ಆ್ಯಪ್ ನೋಡಿ, "ನಾಕು ಸಾವಿರ ದಾಟೇತಿ ನೋಡಪ್ಪ" ಅಂತಾರೆ. ಆ ಮುಖದ ಮೇಲಿನ ಖುಷಿ ನೋಡಬೇಕು!

ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿಯ ಸೀಮೆಯವರು ನಾವು. ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದೇ ಕಷ್ಟವಾಗಿದೆ. ದೇಶದಲ್ಲಿ 10.1 ಕೋಟಿ ಮಂದಿಗೆ ಈ ಕಾಯಿಲೆ ಇದೆಯೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ ನೆರವಿಲ್ಲದೆಯೂ ಎಳೆದುಕೊಳ್ಳುತ್ತವೆ. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಗೆ ಬೆಲೆ ಬಂದದ್ದು ಇದರಿಂದಲೇ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಏಳುವುದಿಲ್ಲ, ಅದೇ ತೊಡಕು.

ಏಳಿಸುವ ಕೆಲಸಕ್ಕೆ ಮೊಬೈಲ್ ಒದಗುತ್ತದೆ. ಚೆನ್ನೈನ ವೈದ್ಯರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಗಂಡಸರ ಮೇಲೆ ಇದನ್ನು ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ಊಟ, ವ್ಯಾಯಾಮ ನೆನಪಿಸುವ ಎಸ್ಸೆಮ್ಮೆಸ್ ಬರುತ್ತಿದ್ದವರಲ್ಲಿ ಎರಡು ವರ್ಷಕ್ಕೆ ಶೇ 18ರಷ್ಟು ಮಂದಿಗೆ ಕಾಯಿಲೆ ಬಂತು. ಎಸ್ಸೆಮ್ಮೆಸ್ ಬರದಿದ್ದವರಲ್ಲಿ ಶೇ 27. ಬರೀ ಎಸ್ಸೆಮ್ಮೆಸ್! ಯಾರೋ ನಮ್ಮನ್ನು ಕೇಳುತ್ತಿದ್ದಾರೆ ಎಂಬುದಕ್ಕೆ ಅಷ್ಟು ಬಲವಿದೆ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ಕೊರಗುವವರಿಗೆ ಒಂದು ಮಾತು. ಆ ಅಂಕಿ ಹರಡಿದ್ದು ಜಪಾನಿನಲ್ಲಿ 1965ರಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ; ವೈದ್ಯರು ಬರೆದುಕೊಟ್ಟ ಚೀಟಿಯೇನಲ್ಲ. ವೈದ್ಯರು ಹೇಳುವುದು ವಾರಕ್ಕೆ 150 ನಿಮಿಷದ ಚುರುಕು ನಡಿಗೆ, ಜೊತೆಗೆ ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು ಎಂದು. ನಿನ್ನೆ ಎರಡು ಸಾವಿರ ನಡೆದವರು ಇವತ್ತು ಎರಡೂವರೆ ಸಾವಿರ ನಡೆದರೆ ಅದೇ ಗೆಲುವು.

ನಮ್ಮ ಹೆಣ್ಣುಮಕ್ಕಳ ಲೆಕ್ಕ ಮಾತ್ರ ಆ್ಯಪಿಗೆ ಸರಿಯಾಗಿ ಸಿಗುವುದಿಲ್ಲ. ಸೀರೆಗೆ ಜೇಬಿಲ್ಲ. ಅಂಗಳ, ಹಿತ್ತಿಲು, ಅಡುಗೆಮನೆ ಎಂದು ದಿನವಿಡೀ ಓಡಾಡಿದವರ ಮೊಬೈಲ್ ಒಲೆ ಕಟ್ಟೆಯ ಮೇಲೆಯೇ ಕೂತಿರುತ್ತದೆ. ಸಂಜೆ ಅದು ಮುನ್ನೂರು ಹೆಜ್ಜೆ ಎಂದು ತೋರಿಸಿದರೆ ಅವ್ವನಿಗೆ ನಡೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಅವ್ವನಿಗೆ ಬೇಕಾದದ್ದು ದಿನದ ಅರ್ಧ ಗಂಟೆ ಬಿಡುವು, ಜೊತೆಗೆ ಬರುವ ಒಬ್ಬರು. ಮೊಬೈಲ್ ಕೈಚೀಲದಲ್ಲಿ ಬರಲಿ.

ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ನುಂಗುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಬೇಕು. ಬರಿಗಾಲಲ್ಲಿ ನಡೆಯಬಾರದು, ಮನೆಗೆ ಬಂದು ಅಂಗಾಲು ನೋಡಿಕೊಳ್ಳಬೇಕು. ಇದನ್ನೆಲ್ಲ ಯಾವ ಹೆಜ್ಜೆ ಲೆಕ್ಕವೂ ತೋರಿಸುವುದಿಲ್ಲ.

ಮನೆಯ ಹಿರಿಯರಿಗೆ ಆ್ಯಪ್ ಹಾಕಿಕೊಟ್ಟ ಮಕ್ಕಳೇ, ನಿಮ್ಮ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಬೆಂಗಳೂರಲ್ಲಿರಿ, ಅಮೆರಿಕದಲ್ಲಿರಿ, ದಿನಕ್ಕೊಮ್ಮೆ ಫೋನ್ ಮಾಡಿ "ಎಷ್ಟಾತು ಇವತ್ತು?" ಎಂದು ಕೇಳಿ. ಊರಿಗೆ ಬಂದಾಗ ಜೊತೆಗೆ ನಡೆಯಿರಿ.