ಚಿಕ್ಕಪ್ಪನ ಬೆನ್ನಿನ ಮೇಲಿನ ಚೌಕ

ಕಳೆದ ವರ್ಷ ಯುಗಾದಿ ಕಳೆದು ಒಂದು ವಾರ ಆಗಿತ್ತು. ಕುಣಿಗಲ್ ತಾಲ್ಲೂಕಿನ ಹಳ್ಳಿಯಲ್ಲಿರುವ ಚಿಕ್ಕಪ್ಪನ ಮನೆಗೆ ಹೋದಾಗ ಅವರು ಅಂಗಿ ಬಿಚ್ಚಿ ಜಗಲಿ ಮೇಲೆ ಕೂತಿದ್ದರು. ಬೆನ್ನಿನ ಮೇಲೆ, ಬಲ ಹೆಗಲಿನ ಮೂಳೆಯ ಕೆಳಗೆ, ಕೆಮ್ಮಣ್ಣು ಬಳಿದಿತ್ತು.

“ಸರ್ಪಸುತ್ತು ಕಣಪ್ಪ. ಎರಡು ಸಲ ಬರೆಸ್ಕಂಡು ಬಂದಿವ್ನಿ, ಕಮ್ಮಿನೇ ಆಗ್ಲಿಲ್ಲ” ಅಂದರು.

ಚಿಕ್ಕಮ್ಮನದು ಬೇರೆ ಲೆಕ್ಕ. “ಸರ್ಪಸುತ್ತೂ ಅಲ್ಲ, ಏನೂ ಅಲ್ಲ. ಹುಳುಕಡ್ಡಿ. ಮೆಡಿಕಲ್ ಸ್ಟೋರ್‌ನೋರು ಟ್ಯೂಬು ಕೊಟ್ಟವ್ರೆ, ಹಚ್ಕಳಿ ಅಂದ್ರೆ ಕೇಳಲ್ಲ.”

ಮಣ್ಣು ಒರೆಸಿ ನೋಡಿದೆ. ಸರ್ಪಸುತ್ತಾದರೆ ಗುಳ್ಳೆಗಳು ಸಾಲುಗಟ್ಟಿರುತ್ತವೆ. ಹುಳುಕಡ್ಡಿಯಾದರೆ ದುಂಡಗಿರುತ್ತದೆ. ಇದು ಅಂಗೈ ಅಗಲದ ಕೆಂಪು ಕಲೆ. ಅಂಚು ಮಾತ್ರ ಸ್ಕೇಲು ಇಟ್ಟು ಗೆರೆ ಎಳೆದಷ್ಟು ನೇರ, ನಾಲ್ಕು ಮೂಲೆ. ಮೈಮೇಲೆ ತಾನಾಗಿ ಹುಟ್ಟುವ ಕಾಯಿಲೆಗೆ ಇಷ್ಟು ನೇರ ಅಂಚು ಎಲ್ಲಿಂದ ಬಂತು?

ಆಗ ಚಿಕ್ಕಪ್ಪನಿಗೆ ಹೃದಯಕ್ಕೆ ‘ಸ್ಟಂಟ್’ ಹಾಕಿಸಿ ಮೂರು ವಾರವಾಗಿತ್ತು. (ಅದು ಸ್ಟೆಂಟ್. ಆದರೆ ನಮ್ಮ ಕಡೆ ಎಲ್ಲರಿಗೂ ಅದು ಸ್ಟಂಟೇ, ಇರಲಿ ಬಿಡಿ.) ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಕ್ಯಾತ್‌ಲ್ಯಾಬ್ ಒಳಗೆ ಹೋಗಿ ಬಂದಿದ್ದರು. ಎರಡನೇ ಸಲ ಬ್ಲಾಕ್ ಗಟ್ಟಿ ಇತ್ತು, ಎರಡೂವರೆ ಗಂಟೆ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದವನು ನಾನೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಊರವರ ಅರ್ಜಿ, ನೋಟಿಸು, ಪಹಣಿ ಎಲ್ಲವನ್ನೂ ಓದಿ ಹೇಳುವ ನಾನು, ಅವತ್ತು ನಾಲ್ಕು ಪುಟದಲ್ಲಿ ಒಂದು ಸಾಲನ್ನೂ ಓದದೆ ಪೆನ್ನು ಊರಿದ್ದೆ.

ಮನೆಯಲ್ಲಿ ಫೈಲು ತರಿಸಿ ಹಾಳೆ ತಿರುವಿದೆ. ಒಂದು ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಅಂಕಿ ಇದ್ದವು. ಫ್ಲೂರೋ ಟೈಮ್ 71 ನಿಮಿಷ. ಅದರ ಪಕ್ಕ 5.8 ಗ್ರೇ. ಬಿಡುಗಡೆಯ ದಿನ ಮಾತ್ರೆ ಹೇಳಿದ್ದರು, ಉಪ್ಪು ಕಡಿಮೆ ಮಾಡಿ ಅಂದಿದ್ದರು. ಈ ಎರಡು ಅಂಕಿಯ ಬಗ್ಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ನಾವೂ ಕೇಳಿರಲಿಲ್ಲ.

ಈ ಫ್ಲೂರೋ ಅಂದರೆ ಏನು? ಸಾದಾ ಎಕ್ಸ್‌ರೇ ಒಂದು ಫೋಟೋ ಇದ್ದಂತೆ. ಉಸಿರು ಹಿಡಿ ಅನ್ನುತ್ತಾರೆ, ಟಕ್ ಅನ್ನುತ್ತದೆ, ಮುಗಿಯಿತು. ಫ್ಲೂರೋಸ್ಕೋಪಿ ಸಿನಿಮಾ. ವೈದ್ಯರು ಕಾಲಿನ ಪೆಡಲ್ ಒತ್ತಿಹಿಡಿದಷ್ಟು ಹೊತ್ತೂ ಎಕ್ಸ್‌ರೇ ಹರಿಯುತ್ತದೆ. ಒಳಗೆ ನಡೆಯುವುದು ಆ ಕ್ಷಣಕ್ಕೇ ಟಿವಿ ಪರದೆ ಮೇಲೆ ಕಾಣುತ್ತದೆ. ರಕ್ತನಾಳದೊಳಗೆ ತಂತಿ ಎಲ್ಲಿಗೆ ಹೋಯಿತು, ನುಂಗಿದ ಔಷಧ ಗಂಟಲಿಂದ ಎಲ್ಲಿಗೆ ಇಳಿಯಿತು, ಮುರಿದ ಮೂಳೆಗೆ ರಾಡು ಸರಿಯಾಗಿ ಕೂತಿತೇ, ಎಲ್ಲ ನೋಡಿಕೊಂಡೇ ಕೆಲಸ ಮಾಡಬಹುದು. ‘ಫ್ಲೂರೋಸ್ಕೋಪಿ’ ಅಂತ ನಮಗೆ ಯಾರೂ ಹೇಳುವುದಿಲ್ಲ. ಆಂಜಿಯೋಗ್ರಾಂ, ಬೇರಿಯಂ, ಟ್ಯೂಬ್ ಟೆಸ್ಟ್, ಆಪರೇಷನ್ ಥಿಯೇಟರ್‌ನ ಸಿ-ಆರ್ಮ್, ಹೀಗೆ ಬೇರೆ ಬೇರೆ ಹೆಸರಲ್ಲಿ ಅದು ಬರುತ್ತದೆ. ನಮ್ಮೂರಲ್ಲಂತೂ ಎಲ್ಲವೂ ‘ಸ್ಕ್ಯಾನಿಂಗ್’. ಆದರೆ ಬಸುರಿಯರ ಹೊಟ್ಟೆ ಸ್ಕ್ಯಾನ್‌ನಲ್ಲಿ ಎಕ್ಸ್‌ರೇ ಇರುವುದಿಲ್ಲ, ಅದು ಶಬ್ದದ ಅಲೆ. ಎಂಆರ್‌ಐನಲ್ಲೂ ಇಲ್ಲ, ಅದು ಅಯಸ್ಕಾಂತ. ಫ್ಲೂರೋದಲ್ಲಿ ಇದೆ, ಸಿಟಿ ಸ್ಕ್ಯಾನ್‌ನಲ್ಲಿ ಇದೆ.

ಎಕ್ಸ್‌ರೇ ಕೊಳವೆ ಸಾಮಾನ್ಯವಾಗಿ ಮಂಚದ ಕೆಳಗಿರುತ್ತದೆ. ಕಿರಣ ಬೆನ್ನಿನಿಂದ ಒಳಹೋಗಿ ಎದೆಯಿಂದ ಹೊರಬರುತ್ತದೆ. ಒಳಹೋಗುವ ಜಾಗದ ಚರ್ಮಕ್ಕೇ ಹೆಚ್ಚು ಪೆಟ್ಟು. ದಪ್ಪ ಮೈಯವರಾದರೆ ಯಂತ್ರ ತಾನಾಗಿ ಕಿರಣ ಜಾಸ್ತಿ ಮಾಡಿಕೊಳ್ಳುತ್ತದೆ. ನಮ್ಮ ಚಿಕ್ಕಪ್ಪ ಹಿಟ್ಟಿನ ಗಿರಣಿ ನಡೆಸುವವರು, ರಾಗಿ ಮೂಟೆಯಂಥದೇ ಆಳು. ಒಂದೇ ಕೋನದಲ್ಲಿ ತುಂಬ ಹೊತ್ತು ನಡೆದರೆ ಆ ಚೌಕದಷ್ಟು ಚರ್ಮ ಸುಡುತ್ತದೆ. ಸುಟ್ಟಿದ್ದು ಅವತ್ತೇ ಕಾಣುವುದಿಲ್ಲ, ನೋವೂ ಇರುವುದಿಲ್ಲ. ಎರಡು ಮೂರು ವಾರ ಬಿಟ್ಟು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾನೆ. ಎದೆಗೆ ಮಾಡಿದ ಚಿಕಿತ್ಸೆಗೂ ಬೆನ್ನಿನ ಕಲೆಗೂ ಯಾರು ಗಂಟು ಹಾಕುತ್ತಾರೆ?

ಚಿಕ್ಕಪ್ಪನನ್ನು ತುಮಕೂರಿಗೆ ಕರೆತಂದು ಚರ್ಮದ ವೈದ್ಯರಿಗೆ ತೋರಿಸಿದೆ. ಅವರೂ ಮೊದಲು ಅಲರ್ಜಿ ಅಂದರು. ಫೈಲಿನ ಹಾಳೆ ಮುಂದಿಟ್ಟ ಮೇಲೆ ಕನ್ನಡಕ ಏರಿಸಿ ಎರಡು ಸಲ ನೋಡಿ “ಒಳ್ಳೇದಾಯ್ತು ತಂದಿದ್ದು” ಅಂದರು. ಇಂಥ ಕಲೆಯಿಂದ ಪರೀಕ್ಷೆಗೆ ಅಂತ ಚೂರು ಕತ್ತರಿಸಿ ತೆಗೆದರೆ ಆ ಗಾಯ ವಾಸಿಯಾಗದೇ ಹುಣ್ಣಾಗಿ ನಿಲ್ಲಬಹುದಂತೆ. ಹಾಗಾಗಿ ಕತ್ತರಿಸಲಿಲ್ಲ. ಕೆರೆಯಬೇಡಿ, ಬಿಸಿಲು ತಾಗಿಸಬೇಡಿ, ಮಣ್ಣು ಬಳಿಯಬೇಡಿ ಅಂತ ಹೇಳಿ ಮುಲಾಮು ಬರೆದುಕೊಟ್ಟರು. ಸಿಪ್ಪೆ ಎದ್ದು, ಕಪ್ಪಾಗಿ, ನಾಲ್ಕು ತಿಂಗಳಿಗೆ ತಿಳಿಯಾಯಿತು. ಈಗಲೂ ಗುರುತಿದೆ.

ಇದು ಹೊಸ ವಿಷಯವೇನಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1994ರಲ್ಲೇ ಈ ಚರ್ಮದ ಗಾಯದ ಬಗ್ಗೆ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು. ಚರ್ಮಕ್ಕೆ 2 ಗ್ರೇ ದಾಟಿದರೆ ಕೆಂಪಾಗುವ ಸಾಧ್ಯತೆ ಶುರುವಾಗುತ್ತದೆ. ಯಂತ್ರ 5 ಗ್ರೇ ತೋರಿಸಿದರೆ ಅಥವಾ ಪೆಡಲ್ ಒತ್ತಿದ ಹೊತ್ತು 60 ನಿಮಿಷ ದಾಟಿದರೆ ರೋಗಿಗೆ ಹೇಳಿ, ಬೆನ್ನು ನೋಡಿಕೊಳ್ಳಲು ತಿಳಿಸಬೇಕು ಅನ್ನುವುದು ಈ ಕ್ಷೇತ್ರದ ತಜ್ಞರು ಪಾಲಿಸುವ ಲೆಕ್ಕ. ಬಹುಪಾಲು ಆಂಜಿಯೋಗ್ರಾಂ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ, ಅದರಿಂದ ಚರ್ಮಕ್ಕೆ ಏನೂ ಆಗುವುದಿಲ್ಲ. ತುಂಬ ಹೊತ್ತು ಹಿಡಿದ ಚಿಕಿತ್ಸೆಯಲ್ಲಷ್ಟೇ ಈ ಮಾತು.

ಹಾಗಂತ ಸ್ಟೆಂಟ್ ಹಾಕಿಸಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ, ಚಿಕ್ಕಪ್ಪನೂ ಹೇಳುವುದಿಲ್ಲ. ಆ 71 ನಿಮಿಷ ಇಲ್ಲದಿದ್ದರೆ ಗಿರಣಿಗೆ ಬೀಗ ಬೀಳುತ್ತಿತ್ತು. ನನ್ನ ತಕರಾರು ಇಷ್ಟೇ: “ಮೂರು ವಾರ ಬಿಟ್ಟು ಬೆನ್ನು ನೋಡ್ಕೊಳ್ಳಿ” ಅನ್ನಲು ಅರ್ಧ ನಿಮಿಷ ಸಾಕಿತ್ತು. ಈಗ ನಮ್ಮ ಜನ ಕ್ಯಾತ್‌ಲ್ಯಾಬ್‌ಗೆ ಹೋಗುವುದು ಹೆಚ್ಚುತ್ತಿದೆ. ತಾಲ್ಲೂಕು ಆಸ್ಪತ್ರೆ ಮಟ್ಟದಲ್ಲೇ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತ ಅಂತ ಖಚಿತವಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಏರ್ಪಾಡು ಬಂದಿದೆ. ಅಲ್ಲಿಂದ ಮುಂದಿನ ಮೆಟ್ಟಿಲು ಆಂಜಿಯೋಗ್ರಾಂ. ಎದೆನೋವು ಬಂದಾಗ ವಿಕಿರಣದ ಹೆದರಿಕೆಗೆ ಹಿಂದೆ ಸರಿಯಬೇಡಿ, ಪ್ರಾಣದ ಮುಂದೆ ಅದು ಲೆಕ್ಕಕ್ಕಿಲ್ಲ.

ಹೆದರಿಕೆ ಏನು ಮಾಡುತ್ತದೆ ಅನ್ನುವುದನ್ನು ಗುಬ್ಬಿ ಹತ್ತಿರದ ನಮ್ಮ ದೊಡ್ಡಮ್ಮನಲ್ಲಿ ನೋಡಿದ್ದೇನೆ. ಮುದ್ದೆ ಎದೆಯಲ್ಲೇ ನಿಂತಂಗಾಗುತ್ತೆ ಅನ್ನುತ್ತಿದ್ದರು. ಬರುಬರುತ್ತಾ ಗಂಜಿಯೂ ಇಳಿಯದಾಯಿತು. ವೈದ್ಯರು ಬೇರಿಯಂ ನುಂಗಿಸಿ ನೋಡಬೇಕು ಅಂದರೆ, ಪಕ್ಕದ ಮನೆಯವರು “ಆ ಕಿರಣ ಬಿದ್ರೆ ಕ್ಯಾನ್ಸರ್ ಬತ್ತದೆ” ಅಂದುಬಿಟ್ಟರು. ಅದೇ ಮಾತು ಹಿಡಿದು ಐದು ತಿಂಗಳು ತಳ್ಳಿದರು, ಎಂಟು ಕೆಜಿ ಇಳಿದರು. ಕೊನೆಗೆ ತುಮಕೂರಿಗೆ ಹೊತ್ತು ತಂದ ಹಾಗೆ ತಂದೆವು.

ಬೇರಿಯಂ ಅಂದರೆ ಸುಣ್ಣದ ತಿಳಿಯಂತೆ ಬೆಳ್ಳಗಿನ ಗಟ್ಟಿ ದ್ರವ, ರುಚಿ ಸೀಮೆಸುಣ್ಣ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನೀರು ಕುಡಿದರೂ ಕೆಮ್ಮು ಹತ್ತುವ, ನೆತ್ತಿಗೇರುವ ರೋಗಿಯಾದರೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ದೊಡ್ಡಮ್ಮ ಎರಡು ಗುಟುಕು ನುಂಗುವಷ್ಟರಲ್ಲಿ ಪರದೆ ಮೇಲೆ ಗೊತ್ತಾಯಿತು. ಅನ್ನನಾಳದ ತುದಿ ಗೋಣಿಚೀಲದ ಬಾಯಿ ಕಟ್ಟಿದಂತೆ ಬಿಗಿದುಕೊಂಡಿತ್ತು. ಕ್ಯಾನ್ಸರ್ ಅಲ್ಲ. ಆಮೇಲೆ ಬಲೂನು ಬಿಟ್ಟು ಅಗಲ ಮಾಡಿದರು, ಈಗ ಮುದ್ದೆ ಉಣ್ಣುತ್ತಾರೆ.

ಆದರೆ ಪರೀಕ್ಷೆ ಮುಗಿಸಿ ಊರಿಗೆ ಬಂದವರು ಮೂರು ದಿನ ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ. ಮೈಯಲ್ಲಿ ಕಿರಣ ಇರುತ್ತದೆ, ಮಗುವಿಗೆ ತಾಗುತ್ತದೆ ಅಂತ. ಎಕ್ಸ್‌ರೇ ಟಾರ್ಚ್ ಬೆಳಕಿದ್ದಂತೆ, ಸ್ವಿಚ್ ಆರಿಸಿದ ಮೇಲೆ ಮೈಯಲ್ಲಿ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಹಾಲೂ ಕುಡಿಸಬಹುದು. ಥೈರಾಯ್ಡ್ ಕ್ಯಾನ್ಸರ್‌ಗೆ ವಿಕಿರಣ ಸೂಸುವ ಅಯೋಡಿನ್ ಕುಡಿಸಿದಾಗ ಕೆಲವು ದಿನ ಮಕ್ಕಳಿಂದ ದೂರ ಇರಿ ಅನ್ನುತ್ತಾರೆ. ಬಹುಶಃ ಆ ಮಾತೇ ಇಲ್ಲಿಗೆ ಬಂದು ಸೇರಿಕೊಂಡಿದೆ. ಮಾರನೇ ದಿನ ಮಲ ಬೆಳ್ಳಗೆ ಹೋದದ್ದಕ್ಕೂ ದೊಡ್ಡಮ್ಮ ಗಾಬರಿಯಾದರು. ಅದು ಹೊರಬರುತ್ತಿರುವ ಬೇರಿಯಂ, ಅಷ್ಟೇ. ಎರಡು ದಿನ ಚೆನ್ನಾಗಿ ನೀರು ಕುಡಿಯಬೇಕು, ಇಲ್ಲದಿದ್ದರೆ ಗಟ್ಟಿಯಾಗಿ ಮಲಬದ್ಧತೆ ಆಗುತ್ತದೆ.

ಕ್ಯಾನ್ಸರ್ ಭಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಜಗತ್ತಿನ ಸರಾಸರಿಯಲ್ಲಿ 2.4 ಮಿಲಿಸೀವರ್ಟ್ ವಿಕಿರಣ ಹೇಗೂ ತಾಗುತ್ತದೆ. ಎದೆಯ ಒಂದು ಸಾದಾ ಎಕ್ಸ್‌ರೇ ಸುಮಾರು 0.02. ಆಂಜಿಯೋಗ್ರಾಂ ಸುಮಾರು 7, ಸ್ಟೆಂಟ್ ಹಾಕಿದರೆ ಸುಮಾರು 15. ಅಂದರೆ ಒಂದು ಆಂಜಿಯೋಗ್ರಾಂ ಮೂರು ವರ್ಷದ ನೆಲ-ಮುಗಿಲಿನ ಪಾಲು. ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಇದರಿಂದ ಸ್ವಲ್ಪವೇ ಏರುತ್ತದೆ, ಪೂರ್ತಿ ಸೊನ್ನೆಯಲ್ಲ. ವಯಸ್ಸಾದವರಿಗೆ ಕಡಿಮೆ, ಮಕ್ಕಳಿಗೆ ಹೆಚ್ಚು. ಅದಕ್ಕೇ ಮಕ್ಕಳ ವಿಷಯದಲ್ಲಿ “ಇದು ಬೇಕೇ ಬೇಕಾ ಸಾರ್, ಬೇರೆ ದಾರಿ ಇದೆಯಾ?” ಅಂತ ಕೇಳುವುದು ಅಧಿಕಪ್ರಸಂಗವಲ್ಲ. ಹಳೇ ಸಿಡಿ, ಫಿಲ್ಮು ತೆಗೆದುಕೊಂಡು ಹೋದರೆ ಎಷ್ಟೋ ಸಲ ಎರಡನೇ ಪರೀಕ್ಷೆಯೇ ಬೇಕಾಗುವುದಿಲ್ಲ.

ಚಿಕ್ಕಪ್ಪ ಇನ್ನೊಂದು ಕೇಳಿದ್ದರು. “ಅವರೆಲ್ಲ ಸೀಸದ ಅಂಗಿ ಹಾಕ್ಕಂಡವ್ರೆ, ನನಗ್ಯಾಕೆ ಕೊಡ್ಲಿಲ್ಲ?” ನ್ಯಾಯವಾದ ಪ್ರಶ್ನೆ. ಅವರು ದಿನವೂ ಅಲ್ಲೇ ನಿಲ್ಲುವವರು, ನಮ್ಮ ಮೈಗೆ ಬಡಿದು ಚದುರುವ ಕಿರಣ ಅವರಿಗೆ ವರ್ಷವಿಡೀ ತಾಗುತ್ತದೆ. ನಮಗೆ, ನೋಡಬೇಕಾದ ಜಾಗದ ಮೇಲೇ ಸೀಸ ಹೊದಿಸಿದರೆ ಚಿತ್ರ ಕಾಣುವುದಿಲ್ಲ. ಯಂತ್ರ ಕತ್ತಲಾಯಿತು ಅಂದುಕೊಂಡು ಕಿರಣವನ್ನು ಇನ್ನೂ ಏರಿಸುತ್ತದೆ. ಆದರೆ ಮಗುವನ್ನು ಹಿಡಿದುಕೊಳ್ಳಲು ನಿಮ್ಮನ್ನು ಒಳಗೆ ಕರೆದರೆ ನಿಮಗೆ ಆ ಅಂಗಿ ಕೊಡಲೇಬೇಕು, ಕೇಳಿ ಪಡೆಯಿರಿ. ಬಸುರಿ ಹೆಂಗಸು ಹಿಡಿಯಲು ಹೋಗಬಾರದು.

ಬಸುರಿನ ಮಾತು ಬಂತು. ಇದು ನಮ್ಮ ಮನೆಯದೇ ಕತೆ, ಹೆಂಡತಿ ಬರಿ ಅಂದಿದ್ದಾಳೆ. ಮಕ್ಕಳಾಗಲಿಲ್ಲ ಅಂತ ಅವಳಿಗೆ ಟ್ಯೂಬ್ ಟೆಸ್ಟ್ ಬರೆದಿದ್ದರು. ಗರ್ಭನಾಳ ತೆರೆದಿದೆಯೇ ಅಂತ ಔಷಧ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದು. ಮುಟ್ಟು ಶುರುವಾಗಿ ಹತ್ತು ದಿನದೊಳಗೆ ಮಾಡುತ್ತಾರೆ, ಆಗ ಬಸುರಿರುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಸೆಂಟರ್‌ನಲ್ಲಿ ಕೌಂಟರಿನಿಂದಲೇ, ಎಲ್ಲರ ಎದುರು, ನಮ್ಮಪ್ಪನೂ ನಿಂತಿದ್ದಾಗ, “ಮುಟ್ಟಾಗಿ ಎಷ್ಟು ದಿನ ಆಯ್ತಮ್ಮಾ?” ಅಂತ ಕೂಗಿ ಕೇಳಿದರು. ಇವಳು ನಾಚಿಕೆಗೆ ಬಾಯಿಗೆ ಬಂದ ತಾರೀಖು ಹೇಳಿಬಿಟ್ಟಳು. ಬೆಂಚಿನ ಮೇಲೆ ಕೂತು ಹತ್ತು ನಿಮಿಷ ಬೆರಳು ಮಡಚಿ ಲೆಕ್ಕ ಹಾಕಿ, ಎದ್ದು ಹೋಗಿ ಸಿಸ್ಟರನ್ನು ಪಕ್ಕಕ್ಕೆ ಕರೆದು ಸರಿಯಾದದ್ದು ಹೇಳಿದಳು. ಹದಿನಾರು ದಿನವಾಗಿತ್ತು. ಮುಂದಿನ ತಿಂಗಳಿಗೆ ಹಾಕಿದರು. ಸೆಂಟರ್‌ನವರು ಕೂಗಿ ಕೇಳಿದ್ದು ತಪ್ಪೇ. ಆದರೆ ಅವರು ಹೇಗೆ ಕೇಳಿದರೂ, ಕೇಳದೇ ಇದ್ದರೂ, ಈ ವಿಷಯ ಹೇಳದೆ ಒಳಗೆ ಹೋಗಬೇಡಿ.

ಅದೇ ರೀತಿ ಹೇಳಲೇಬೇಕಾದ ಇನ್ನು ಕೆಲವು ಇವೆ. ಆಂಜಿಯೋಗ್ರಾಂಗೆ ಅಯೋಡಿನ್ ಇರುವ ಔಷಧ ಬಿಡುತ್ತಾರೆ, ಆ ಕ್ಷಣ ಮೈಯೆಲ್ಲ ಬಿಸಿಯಾದಂತಾಗುತ್ತದೆ, ಅದು ಮಾಮೂಲು. ಹಿಂದೆ ಇಂಥ ಔಷಧಕ್ಕೆ ದದ್ದು, ಉಸಿರುಗಟ್ಟುವುದು ಆಗಿದ್ದರೆ, ಅಸ್ತಮಾ ಇದ್ದರೆ ಹೇಳಿ. ಕಿಡ್ನಿ ತೊಂದರೆ ಇದ್ದರೆ ಹೇಳಿ, ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುವುದು ಅದಕ್ಕೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೆಲವರಿಗೆ ಎರಡು ದಿನ ನಿಲ್ಲಿಸುತ್ತಾರೆ, ಎಲ್ಲರಿಗೂ ಅಲ್ಲ. ನಿಮಗೆ ಹೇಗೆ ಅಂತ ಕೇಳಿ. ಇನ್ಸುಲಿನ್ ತೆಗೆದುಕೊಂಡು ಉಪವಾಸ ಹೋದರೆ ದಾರಿಯಲ್ಲೇ ಸಕ್ಕರೆ ಇಳಿದು ಬೀಳುತ್ತೀರಿ, ಅದನ್ನೂ ಹಿಂದಿನ ದಿನವೇ ಕೇಳಿ. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು, ಸ್ಟೆಂಟೇ ಕಟ್ಟಿಕೊಂಡು ಪ್ರಾಣಕ್ಕೆ ಬರುತ್ತದೆ.

ಎರಡು ತಿಂಗಳ ಹಿಂದೆ ಚಿಕ್ಕಪ್ಪನಿಗೆ ಮತ್ತೆ ಎದೆ ಹಿಡಿದಂತಾಯಿತು. ಮತ್ತೆ ಆಂಜಿಯೋಗ್ರಾಂ ಅಂದರು. ಈ ಸಲ ಒಪ್ಪಿಗೆ ಪತ್ರವನ್ನು ಚಿಕ್ಕಮ್ಮನಿಗೆ ಕೇಳುವಂತೆ ಜೋರಾಗಿ ಓದಿದೆ. ವೈದ್ಯರು ಬರುತ್ತಲೇ ಚಿಕ್ಕಪ್ಪ ನಮಸ್ಕಾರಕ್ಕೂ ಮೊದಲು ಅಂಗಿ ಎತ್ತಿ ಬೆನ್ನು ತೋರಿಸಿದರು. ವೈದ್ಯರು ಬೆರಳಲ್ಲಿ ಆ ಗುರುತು ಮುಟ್ಟಿ ನೋಡಿ, ಹಳೇ ಹಾಳೆ ಓದಿ, “ಈ ಜಾಗ ತಪ್ಪಿಸಿ ಬೇರೆ ಕೋನದಲ್ಲಿ ಮಾಡೋಣ” ಅಂದರು. ಹೊಸ ಬ್ಲಾಕ್ ಇರಲಿಲ್ಲ, ಬೇಗ ಮುಗಿಯಿತು.

ಹೊರಗೆ ಬಂದವರೇ, ಗಿರಣಿ ಕರೆಂಟು ಮೀಟರ್ ನೋಡುವ ಧಾಟಿಯಲ್ಲಿ ಕೇಳಿದರು.

“ಎಷ್ಟ್ ನಿಮಿಷ ಓಡೈತಂತೆ?”

“ನಾಲ್ಕು ಚಿಕ್ಕಪ್ಪ.”

“ಫೈಲಿನ ಮೇಲೆ ದಪ್ಪಕ್ಕೆ ಬರ್ಕ.”