ಹತ್ತು ಮೀಟರ್ ಬಾಡಿಗೆ

ಹತ್ತು ಮೀಟರ್ ಎಂದರೆ ಹತ್ತಿರ ಹತ್ತಿರ 33 ಅಡಿ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನ ಉದ್ದ 40 ಅಡಿ. ನಕ್ಷೆಯ ಮೇಲೆ ನೋಡಿದರೆ ಜಾಗ ಉಳಿದು ಹೋಗುವಷ್ಟಿದೆ. ಆದರೆ ಹಿಂದೆ ಮುಂದೆ ಸೆಟ್‌ಬ್ಯಾಕ್ ಬಿಟ್ಟು, ಮೆಟ್ಟಿಲು, ದೇವರಮನೆ, ಸ್ಟೋರ್ ರೂಮ್ ಎಂದು ಗೋಡೆಗಳನ್ನೆಬ್ಬಿಸಿದ ಮೇಲೆ ನಮ್ಮ ಮನೆಯಲ್ಲಿ ಅಡ್ಡಿಯಿಲ್ಲದೆ ನೆಟ್ಟಗೆ ಕಣ್ಣು ಹಾಯುವುದು ಒಂದೇ ಕಡೆ: ಮುಂಬಾಗಿಲಿನಿಂದ ಹಾಲ್ ದಾಟಿ ಅಡುಗೆಮನೆಯ ಗ್ರೈಂಡರಿನವರೆಗೆ. ಅದೂ 33 ಅಡಿ ಮುಟ್ಟುವುದಿಲ್ಲ, ಮತ್ತು ಅದರ ತುದಿಯಲ್ಲಿ ಸಾಮಾನ್ಯವಾಗಿ ನನ್ನ ಹೆಂಡತಿ ನಿಂತಿರುತ್ತಾಳೆ. ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ಪಿಸ್ತೂಲಿನ ಅಭ್ಯಾಸಕ್ಕೆ ಈ ಏರ್ಪಾಟು ಒಗ್ಗದು.

ತಾರಸಿ ಇದೆಯಲ್ಲ ಎನ್ನುವವರಿದ್ದಾರೆ. ತಾರಸಿಯಲ್ಲಿ ಗಾಳಿಯಿದೆ, ಬಿಸಿಲಿದೆ, ಪಕ್ಕದ ಮನೆಯವರ ಸೋಲಾರ್ ಹೀಟರಿದೆ, ಬೇಸಿಗೆಯಲ್ಲಿ ಒಣಹಾಕಿದ ಸಂಡಿಗೆಯಿದೆ. 4.5 ಮಿಲಿಮೀಟರ್ ನಳಿಗೆಯ, 20 ಜೌಲ್ ಮೀರದ ಏರ್ ಗನ್ನಿಗೆ ಕಾನೂನಿನಲ್ಲಿ ಪರವಾನಗಿ ಬೇಡ, ನಿಜ. ಪಂದ್ಯದ ಪಿಸ್ತೂಲಿನ ಶಕ್ತಿ ಅದರ ಅರ್ಧವೂ ಇಲ್ಲ. ಆದರೆ ತಾರಸಿಯ ಮೇಲೆ ಕೈ ಚಾಚಿ ಪಿಸ್ತೂಲು ಹಿಡಿದು ನಿಂತ ಮುದುಕನನ್ನು ಕಂಡ ಎದುರುಮನೆಯವರಿಗೆ ಜೌಲಿನ ಲೆಕ್ಕ ಒಪ್ಪಿಸುತ್ತ ಕೂರಲಾಗುತ್ತದೆಯೇ? ಆದ್ದರಿಂದ ನಮ್ಮಂಥವರು ಹತ್ತು ಮೀಟರ್ ಖಾಲಿ ಜಾಗವನ್ನು ಬೇರೆಯವರಿಂದ ಬಾಡಿಗೆಗೆ ಪಡೆಯಬೇಕು. ಅದನ್ನೇ ಗೌರವವಾಗಿ ಶೂಟಿಂಗ್ ಕ್ಲಬ್ಬಿನ ಮೆಂಬರ್‌ಶಿಪ್ ಎನ್ನುತ್ತಾರೆ.

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹಿಡಿದ ಹವ್ಯಾಸವಿದು. ಈ ವಯಸ್ಸಿನಲ್ಲೇನು ಎಂದು ಹುಬ್ಬೇರಿಸುವವರಿಗೆ ಸ್ವೀಡನ್ನಿನ ಆಸ್ಕರ್ ಸ್ವಾನ್ ಹೆಸರು ಹೇಳುತ್ತೇನೆ. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಆ ಅಜ್ಜ ತಂಡದೊಂದಿಗೆ ಬೆಳ್ಳಿ ಗೆದ್ದಾಗ ಆತನಿಗೆ 72 ವರ್ಷ. ಓಡುವುದಿಲ್ಲ, ಹಾರುವುದಿಲ್ಲ, ಎದುರಾಳಿ ಮೈಮೇಲೆ ಬೀಳುವುದಿಲ್ಲ. ಸುಮ್ಮನೆ ನಿಲ್ಲಬೇಕು, ಅಷ್ಟೇ. ಸುಮ್ಮನೆ ನಿಲ್ಲುವುದು ಎಷ್ಟು ದೊಡ್ಡ ಕೆಲಸ ಎಂಬುದು ನಿಂತವರಿಗೇ ಗೊತ್ತು.

ಪಾದಗಳನ್ನು ಭುಜದಗಲಕ್ಕೆ ಇಟ್ಟು, ಎಡಗೈಯನ್ನು ಪ್ಯಾಂಟಿನ ಜೇಬಿಗಿಳಿಸಿ, ಬಲಗೈಯನ್ನು ಗುರಿಯಿಂದ ಒಂದಿಷ್ಟು ಮೇಲಕ್ಕೆತ್ತಿ, ಉಸಿರು ಬಿಡುತ್ತ ನಿಧಾನ ಇಳಿಸುತ್ತ ಬರಬೇಕು. ಕಪ್ಪು ವೃತ್ತದ ಕೆಳಗಿನ ಬಿಳಿಯಲ್ಲಿ ಕೈ ತಾನಾಗಿ ನಿಲ್ಲುವ ಒಂದು ತಾವಿದೆ. ನಿಲ್ಲುತ್ತದೆ ಎಂದದ್ದು ಮಾತಿಗೆ. ಯಾರ ಕೈಯೂ ನಿಲ್ಲುವುದಿಲ್ಲ, ಒಲಿಂಪಿಕ್ಸಿಗೆ ಹೋದವರದೂ. ಅವರ ನಡುಕ ಚಿಕ್ಕದು, ನಮ್ಮದು ದೊಡ್ಡದು. ಹೊಸಬರು ನೋಡುವುದು ಗುರಿಯನ್ನು. ಪಳಗಿದವರು ನೋಡುವುದು ಪಿಸ್ತೂಲಿನ ತುದಿಯ ಸೈಟನ್ನು. ಅದು ಕಡೆದಿಟ್ಟಂತೆ ಚೂಪಾಗಿ ಕಾಣಬೇಕು. ಗುರಿ ಬೂದುಬಣ್ಣದ ಮಬ್ಬಾಗಿ ಹಿಂದೆಲ್ಲೋ ಇದ್ದರೆ ಸಾಕು. ಕಾರಣ ಸರಳ ತ್ರೈರಾಶಿ. ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 32 ಸೆಂಟಿಮೀಟರ್ ಅಂತರ. ಅಲ್ಲಿ ಮುಂದಿನ ಸೈಟು ಒಂದು ಮಿಲಿಮೀಟರ್ ಸರಿದರೆ ಹತ್ತು ಮೀಟರ್ ಆಚೆ ಪೆಲ್ಲೆಟ್ ಮೂರು ಸೆಂಟಿಮೀಟರ್ ಸರಿಯುತ್ತದೆ. ಹತ್ತು ಬರಬೇಕಾದಲ್ಲಿ ಏಳು. ಗುರಿಯ ಹತ್ತರ ವೃತ್ತದ ಅಡ್ಡಳತೆಯೇ 11.5 ಮಿಲಿಮೀಟರ್. ರೈಫಲ್ಲಿನವರದು ಇನ್ನೂ ಘೋರ: ಅವರ ಹತ್ತು ಅರ್ಧ ಮಿಲಿಮೀಟರಿನ ಒಂದು ಚುಕ್ಕಿ.

ಟ್ರಿಗರ್ 500 ಗ್ರಾಮ್ ಭಾರಕ್ಕೆ ಮೊದಲು ಬಿಡಬಾರದು ಎಂಬುದು ನಿಯಮ. ಬೆರಳು ಆ ಭಾರವನ್ನು ಹನಿ ಹನಿಯಾಗಿ ಏರಿಸುತ್ತ ಹೋಗುತ್ತದೆ. ಯಾವಾಗ ಸಿಡಿಯುತ್ತದೆ ಎಂದು ನಮಗೇ ಗೊತ್ತಾಗಬಾರದು. ಗೊತ್ತಾದರೆ ಮಣಿಕಟ್ಟು ಮೊದಲೇ ಹೆದರಿ ಕುಗ್ಗುತ್ತದೆ. ಸಿಡಿದ ಮೇಲೂ ಒಂದೆರಡು ಕ್ಷಣ ಹಾಗೆಯೇ ನಿಂತಿರಬೇಕು. ಆ ಹೊತ್ತಿನಲ್ಲಿ, ಗುರಿಯತ್ತ ನೋಡುವ ಮೊದಲೇ, ಬಿದ್ದದ್ದು ಎಲ್ಲಿ ಎಂದು ಒಳಗೆ ತಿಳಿದುಬಿಡುತ್ತದೆ. ‘ಎಡಕ್ಕೆ, ಕೆಳಗೆ, ಎಂಟು’ ಎಂದು ಮನಸ್ಸು ಹೇಳಿದ್ದು ಕಾಗದದ ಮೇಲೆ ಹಾಗೆಯೇ ಇದ್ದರೆ ಆ ಎಂಟಿಗೂ ಒಂದು ಖುಷಿ ಇದೆ. ಅದಕ್ಕಿಂತ ದೊಡ್ಡ ಖುಷಿ ಹೊಡೆಯದೆ ಕೈ ಇಳಿಸುವುದು. ಹಿಡಿತ ಕೆಟ್ಟಿತು, ಉಸಿರು ಮುಗಿಯುತ್ತ ಬಂತು ಅನಿಸಿದಾಗ ಟ್ರಿಗರಿನಿಂದ ಬೆರಳು ತೆಗೆದು ಪಿಸ್ತೂಲನ್ನು ಮೇಜಿಗಿಳಿಸುವುದು. ಇಷ್ಟು ವರ್ಷ ಶುರುಮಾಡಿದ್ದನ್ನೆಲ್ಲ ಹಟ ಹಿಡಿದು ಮುಗಿಸಿಯೇ ಬದುಕಿದವನಿಗೆ, ಅರ್ಧಕ್ಕೆ ಬಿಡುವುದೇ ಜಾಣತನವಾಗಿರುವ ಕೆಲಸವೊಂದು ಸಿಕ್ಕಿದ್ದು ಇಲ್ಲಿ ಮಾತ್ರ.

ಇದರಲ್ಲಿ ಅರ್ಧ ಪಾಲು ಮನೆಯಲ್ಲೇ ಪುಕ್ಕಟೆ ಆಗುತ್ತದೆ. ಬಿಳಿ ಗೋಡೆಯೆದುರು ಪೆಲ್ಲೆಟ್ ಇಲ್ಲದ ಪಿಸ್ತೂಲು ಹಿಡಿದು, ಸೈಟಿನ ಮೇಲೆ ಕಣ್ಣಿಟ್ಟು ಟ್ರಿಗರ್ ಒತ್ತುವ ಡ್ರೈ ಫೈರ್. ಕ್ಲಬ್ಬಿನವರು ಇದನ್ನು ಜಾಸ್ತಿ ಹೇಳುವುದಿಲ್ಲ, ಹೇಳಿದರೆ ಅವರ ಲೇನು ಖಾಲಿ. ಆದರೆ ಗೋಡೆ ಎಂದೂ ಅಂಕ ಕೊಡುವುದಿಲ್ಲ. ಒಂದು ತಿಂಗಳು ಗೋಡೆಯೆದುರೇ ನಿಂತರೆ ಪ್ರತಿಯೊಬ್ಬನೂ ತಾನು ಅಭಿನವ್ ಬಿಂದ್ರಾ ಎಂದುಕೊಳ್ಳಬಹುದು. ಆ ಭ್ರಮೆ ಇಳಿಸಲು ಹತ್ತು ಮೀಟರ್ ಬೇಕೇ ಬೇಕು.

ಹಾಗಾಗಿ ಕ್ಲಬ್ಬುಗಳನ್ನು ಸುತ್ತಿದೆ. ಬ್ಯಾಂಕಿನವನ ಚಾಳಿ, ಗೆರೆ ಹಾಕಿದ ಪುಸ್ತಕವೊಂದನ್ನು ಜೊತೆಗೊಯ್ದೆ. ಪ್ರವೇಶ ಶುಲ್ಕ, ಮಾಸಿಕ ಶುಲ್ಕ, ಕೋಚಿಂಗ್, ಕ್ಲಬ್ಬಿನ ಪಿಸ್ತೂಲಿನ ಬಾಡಿಗೆ, ಲಾಕರ್, ಟಾರ್ಗೆಟ್ ಕಾಗದ ಎಂದು ಕಲಮುಗಳು. ಜಿಎಸ್‌ಟಿ ಒಳಗೋ ಹೊರಗೋ ಎಂದು ಕೇಳಿದಾಗಲೆಲ್ಲ ರಿಸೆಪ್ಷನ್ನಿನ ಹುಡುಗಿಯರು ನನ್ನನ್ನು ಇನ್‌ಕಂ ಟ್ಯಾಕ್ಸಿನವನೆಂದು ಅನುಮಾನಿಸಿದರು.

ಮೊದಲನೆಯದು ಐಟಿ ಕಚೇರಿಗಳ ಸಾಲಿನಲ್ಲಿ, ನೆಲಮಾಳಿಗೆಯಲ್ಲಿ. ಎಸಿ, ಸೋಫಾ, ಕಾಫಿ ಯಂತ್ರ. ಎಲೆಕ್ಟ್ರಾನಿಕ್ ಟಾರ್ಗೆಟ್. ಪೆಲ್ಲೆಟ್ ಬಿದ್ದ ಕೂಡಲೇ ಕಣ್ಣೆದುರಿನ ಪರದೆಯಲ್ಲಿ ಚುಕ್ಕಿ ಮೂಡಿ 9.4, 10.2 ಎಂದು ದಶಮಾಂಶದವರೆಗೆ ಅಂಕ ಬರುತ್ತದೆ. ಅತಿ ಹೆಚ್ಚೆಂದರೆ 10.9. ಚೆಂದವೇ. ಆದರೆ ಲೇನನ್ನು ಆ್ಯಪಿನಲ್ಲಿ ಗಂಟೆ ಲೆಕ್ಕದಲ್ಲಿ ಕಾದಿರಿಸಬೇಕು. ಪಂದ್ಯವೆಂದರೆ 60 ಶಾಟಿಗೆ 75 ನಿಮಿಷ, ಅದಕ್ಕೆ ಮೊದಲು ತಯಾರಿಗೆ 15 ನಿಮಿಷ. ಒಟ್ಟು ಒಂದೂವರೆ ಗಂಟೆ. ಒಂದು ಗಂಟೆ ಸಾಲದು, ಎರಡು ಗಂಟೆಯ ದುಡ್ಡು ಕೊಟ್ಟರೆ ಅರ್ಧ ಗಂಟೆ ಸೋಫಾಕ್ಕೆ ಹೋಗುತ್ತದೆ. ಈ ಆಟ ಆಡಿದವರು ಯಾರೂ ಆ ಆ್ಯಪ್ ಮಾಡಿಲ್ಲ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಎರಡನೆಯದು ಊರಾಚೆ, ಹಳೆಯ ಕ್ಲಬ್ಬು. 25, 50 ಮೀಟರಿನ ಬಯಲು ರೇಂಜ್ ಕೂಡ ಇದೆ. ಆಜೀವ ಸದಸ್ಯತ್ವ, ಒಮ್ಮೆ ಕೊಟ್ಟರೆ ಮುಗಿಯಿತು. ಹಳೆಯ ಸದಸ್ಯರಿಬ್ಬರ ಶಿಫಾರಸು ಬೇಕು. ಮಾನ್ಯತೆ ಪಡೆದ ಕ್ಲಬ್ಬು ಎಂಬುದು ಇದರ ದೊಡ್ಡ ಆಸ್ತಿ. ರಾಜ್ಯಮಟ್ಟದ ಸ್ಪರ್ಧೆಗೆ, ಮುಂದೆ ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಹೆಸರಿನ ಪಂದ್ಯಕ್ಕೆ ಏರುವವರಿಗೆ ಇಂಥ ಕಾಗದಪತ್ರ ಮುಖ್ಯ. 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಚಿಕ್ಕ ಮಕ್ಕಳ ತಂದೆತಾಯಿ ಬೇರೇನೂ ನೋಡದೆ ಕ್ಲಬ್ಬಿಗೆ ಮಾನ್ಯತೆ ಇದೆಯೇ ಎಂದು ಮೊದಲು ಕೇಳಬೇಕು. ನನಗೆ ಆ ಏಣಿ ಬೇಡ. ಹೋಗಿಬರುವ ಟ್ರಾಫಿಕ್ಕಿನ ಹೊತ್ತು ಲೆಕ್ಕ ಹಿಡಿದರೆ ಆಜೀವ ಸದಸ್ಯತ್ವದಲ್ಲಿ ಜೀವವೇ ಕಡಿಮೆ ಬೀಳುವಂತಿತ್ತು.

ಮೂರನೆಯದು ಮೂರನೇ ಮಹಡಿಯ ಅಕಾಡೆಮಿ. ಕಾಗದದ ಟಾರ್ಗೆಟ್, ಗುಂಡಿ ಒತ್ತಿದರೆ ಮೋಟಾರಿನ ತಂತಿಯ ಮೇಲೆ ಜೋತಾಡುತ್ತ ಹೋಗಿ, ಹೊಡೆದ ಮೇಲೆ ಜೋತಾಡುತ್ತ ವಾಪಸ್ ಬರುತ್ತದೆ. ಸಂಜೆ ಮಕ್ಕಳ ಸಂತೆ. ಪಕ್ಕದಲ್ಲಿ ಯಾರಾದರೂ ಹೆಜ್ಜೆ ಹಾಕಿದರೆ ಮರದ ಹಲಗೆಯ ನೆಲ ಸಣ್ಣಗೆ ಕಂಪಿಸುತ್ತದೆ. ನೆಲದ ಮಾತು ಸಣ್ಣದಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ಲಿನಲ್ಲಿ ತನ್ನ ಕಾಲಡಿಯ ಹಾಸುಬಿಲ್ಲೆ ಸಡಿಲವಾಗಿತ್ತು ಎಂದು ಬಿಂದ್ರಾ ಹೇಳಿಕೊಂಡಿದ್ದಾರೆ. ಅದೇ ಬಿಂದ್ರಾ, ಮನೆಯಲ್ಲೇ ಸ್ವಂತ ರೇಂಜ್ ಇದ್ದವರು, ಬೀಜಿಂಗಿಗೆ ಮೊದಲು ಅಲ್ಲಿನ ಹಾಲ್‌ನ ವೈಶಾಲ್ಯಕ್ಕೆ ಒಗ್ಗಿಕೊಳ್ಳಲು ಕಲ್ಯಾಣಮಂಟಪವೊಂದನ್ನು ಬಾಡಿಗೆಗೆ ಹಿಡಿದು ಅಭ್ಯಾಸ ಮಾಡಿದ್ದರಂತೆ. 2008ರಲ್ಲಿ ಕೊನೆಯ ಶಾಟು 10.8, ಚಿನ್ನ. ಅಷ್ಟು ಸಿರಿವಂತರೂ ಕೊನೆಗೆ ಬಾಡಿಗೆ ಕೊಟ್ಟದ್ದು ಖಾಲಿ ಜಾಗಕ್ಕೇ.

ನನ್ನ ಪುಸ್ತಕದಲ್ಲಿ ಉಳಿದವರು ಬರೆಯದ ಒಂದು ಕಲಮು ಇತ್ತು: ಬೆಳಕು. ಹತ್ತು ಮೀಟರ್ ರೇಂಜಿನಲ್ಲಿ ಗುರಿಯ ಮೇಲೆ ಕನಿಷ್ಠ 1500 ಲಕ್ಸ್ ಬೀಳಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಹದಿನಾಲ್ಕರ ಹುಡುಗಿಗೆ ಅರ್ಧ ಬೆಳಕಿದ್ದರೂ ನಡೆಯುತ್ತದೆ. ನನ್ನಂಥ ಚಾಳೀಸಿನ ಕಣ್ಣಿಗೆ ಬೆಳಕು ಕಡಿಮೆಯಾದರೆ ಪಾಪೆ ಹಿಗ್ಗಿ, ಸೈಟು ಗುರಿ ಎರಡೂ ಒಟ್ಟಿಗೆ ಮಸುಕಾಗುತ್ತವೆ. ಬೆಳಕು ಹೆಚ್ಚಿದಷ್ಟೂ ಪಾಪೆ ಕಿರಿದಾಗಿ ಸೈಟು ಚೂಪಾಗುತ್ತದೆ. ಮೊಬೈಲಿನ ಲಕ್ಸ್ ಮೀಟರ್ ಹಿಡಿದು ಗುರಿಗಳವರೆಗೆ ನಡೆದುಹೋಗಿ ಅಳೆದೆ. ನೆಲಮಾಳಿಗೆಯವರ ಪರದೆ ಝಗಮಗಿಸುತ್ತಿತ್ತೇ ಹೊರತು ಗುರಿಯಲ್ಲ. ಹಳೆಯ ಕ್ಲಬ್ಬಿನ ಟ್ಯೂಬ್‌ಲೈಟುಗಳಲ್ಲಿ ಒಂದು ಮಿಣುಕುತ್ತಿತ್ತು. ಮೂರನೇ ಮಹಡಿಯಲ್ಲಿ ಪ್ರತಿ ಗುರಿಗೂ ಬೇರೆಯೇ ಎಲ್‌ಇಡಿ ದೀಪ. ಅಳತೆ ನೋಡಿ ನನಗೆ ಮಾತೇ ಹೊರಡಲಿಲ್ಲ.

ಇನ್ನೊಂದು, ಕಂಪ್ರೆಸರ್. ಇಂದಿನ ಪಂದ್ಯದ ಪಿಸ್ತೂಲುಗಳು ನಡೆಯುವುದು 200 ಬಾರ್ ಒತ್ತಡದ ಗಾಳಿ ತುಂಬಿದ ಪುಟ್ಟ ಸಿಲಿಂಡರಿನಿಂದ. ಕ್ಲಬ್ಬಿನಲ್ಲಿ ಕಂಪ್ರೆಸರೋ ದೊಡ್ಡ ಟ್ಯಾಂಕೋ ಇದ್ದರೆ ಗಾಳಿ ತುಂಬುವುದು ಅರ್ಧ ನಿಮಿಷದ ಕೆಲಸ. ಇಲ್ಲದಿದ್ದರೆ ಕೈ ಪಂಪು. ಪಂಪು ಹೊಡೆದು ಬಂದ ತೋಳು ಆಮೇಲೆ ಯಾವ ಹತ್ತನ್ನೂ ಹೊಡೆಯುವುದಿಲ್ಲ. ಸಿಲಿಂಡರಿಗೆ ಹತ್ತು ವರ್ಷದ ಆಯುಷ್ಯ ಬೇರೆ. ಯಾರಾದರೂ ಹಳೆಯ ಪಿಸ್ತೂಲು ಅಗ್ಗಕ್ಕೆ ಕೊಡುತ್ತೇವೆಂದರೆ ಮೊದಲು ಅದರ ಮೇಲಿನ ತಾರೀಖು ನೋಡಿ.

ಒಳ್ಳೆಯ ಆಮದು ಪಿಸ್ತೂಲು, ಸ್ಟೈರ್, ಮೊರಿನಿ, ವಾಲ್ಥರ್ ಯಾವುದೇ ಇರಲಿ, ಲಕ್ಷದ ಮೇಲಿನ ಮಾತು. ಅದರೆದುರು ಕ್ಲಬ್ಬಿನ ಶುಲ್ಕ ಸಣ್ಣದೆನಿಸಿದರೂ ಪಿಸ್ತೂಲಿನ ಖರ್ಚು ಒಮ್ಮೆ, ಶುಲ್ಕ ಪ್ರತಿ ತಿಂಗಳು. ಲೆಕ್ಕಕ್ಕೆ ತಿಂಗಳಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ವಾರಕ್ಕೆರಡು ಸಲ ಹೋದರೆ ಸಲಕ್ಕೆ 500. ದಿನಾ ಹೋಗುತ್ತೇನೆಂದು ಹೊಸ ಹುರುಪಿನಲ್ಲಿ ವರ್ಷದ್ದು ಕಟ್ಟಿ, ಮಳೆಗಾಲ ಬಂದ ಮೇಲೆ ವಾರಕ್ಕೊಮ್ಮೆಗಿಳಿದರೆ ಸಲಕ್ಕೆ 1,000. ಪೆಲ್ಲೆಟ್ ಡಬ್ಬಿಯಲ್ಲಿ 500 ಇರುತ್ತವೆ. ಸಲಕ್ಕೆ ಎಂಬತ್ತು ಹೊಡೆದರೆ ಡಬ್ಬಿ ಆರು ಸಲಕ್ಕೆ ಬರುತ್ತದೆ. ಗುಂಡು ಅಗ್ಗ, ಗುಂಡು ಹಾದುಹೋಗುವ ಗಾಳಿಯೇ ದುಬಾರಿ.

ಇದನ್ನು ಮಡಿಕೇರಿಯ ಕಡೆಯ ಹಳೆಯ ಸಹೋದ್ಯೋಗಿಗೆ ಫೋನಿನಲ್ಲಿ ಹೇಳಿದೆ. ಆತ ಬಿದ್ದು ಬಿದ್ದು ನಕ್ಕ. “ಅಲ್ಲಯ್ಯ, ಕಾಗದಕ್ಕೆ ಹೊಡೆಯೋಕೆ ನೀನು ತಿಂಗಳ ಬಾಡಿಗೆ ಕೊಡ್ತೀಯಾ? ಕೈಲ್ ಪೊಳ್ದ್ ಹಬ್ಬಕ್ಕೆ ಬಾ, ಮರದ ಮೇಲೆ ತೆಂಗಿನಕಾಯಿ ಕಟ್ಟಿರ್ತೀವಿ, ಅದಕ್ಕೆ ಹೊಡಿ” ಎಂದ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ. ಅವರ ಮನೆಗಳಲ್ಲಿ ಅದಕ್ಕೆ ಪೂಜೆಯೂ ಉಂಟು. ಗದ್ದೆ ಬಯಲಿನಲ್ಲಿ ನಿಂತು ಕಾಯಿ ಒಡೆಯುವವನಿಗೆ ಲೇನು, ಸ್ಲಾಟು, ಲಾಕರು ಎಂದರೆ ಏನೂ ತಲೆಗೆ ಹತ್ತಲಿಲ್ಲ. ಹತ್ತು ಮೀಟರಾದರೆ ತಾನು ಬೆನ್ನು ಮಾಡಿ ನಿಂತೂ ಹೊಡೆಯುತ್ತೇನೆ ಎಂದ. ಬಂದು ಅರ್ಧ ಮಿಲಿಮೀಟರಿನ ಚುಕ್ಕಿ ನೋಡಲಿ, ಆಮೇಲೆ ಮಾತಾಡೋಣ.

ಸೇರಿದ್ದು ಮೂರನೇ ಮಹಡಿಗೇ. ಹಗಲು ಹನ್ನೊಂದರಿಂದ ಎರಡರವರೆಗೆ, ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ, ಹಾಲ್ ಹೇಗೂ ಖಾಲಿ ಬಿದ್ದಿರುತ್ತದೆ. ಆ ಹೊತ್ತಿಗೆ ಮಾತ್ರ ಬರುವವನಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಿ ಎಂದು ಕೇಳಿದೆ. ಕೋಚ್ ಒಪ್ಪಿದ. ಆಗ ನೆಲ ಕಂಪಿಸುವುದಿಲ್ಲ, ಲೇನಿಗೆ ಕಾಯಬೇಕಿಲ್ಲ, ಒಂದೂವರೆ ಗಂಟೆಯ ಪಂದ್ಯವನ್ನು ಪೂರ್ತಿ ಆಡಬಹುದು. ಪರೀಕ್ಷೆಯ ರಜೆಯಲ್ಲಿ ಮಾತ್ರ ಒಬ್ಬ ಹುಡುಗಿ ಆ ಹೊತ್ತಿಗೆ ಬರುತ್ತಾಳೆ. ಪಕ್ಕದ ಲೇನಿನಿಂದ ನನ್ನ ಕಾಗದ ವಾಪಸ್ ಜೋತಾಡುತ್ತ ಬರುವುದನ್ನು ಇಣುಕಿ ನೋಡಿ, “ಅಂಕಲ್, ಎಲ್ಲಾ ಬಲಕ್ಕೇ ಹೋಗ್ತಿದೆ, ಬೆರಳು ಜಾಸ್ತಿ ಒಳಗೆ ಹಾಕ್ತಿದ್ದೀರ” ಎನ್ನುತ್ತಾಳೆ. ಈ ಸಲಹೆಗೆ ಬೇರೆ ಕಡೆ ಪ್ರತ್ಯೇಕ ಕೋಚಿಂಗ್ ಶುಲ್ಕವಿತ್ತು.

ಏಪ್ರಿಲಿನಿಂದ ಶುಲ್ಕ ಏರುತ್ತದಂತೆ. ಕಟ್ಟಡದ ಮಾಲೀಕರು ಬಾಡಿಗೆ ಏರಿಸಿದ್ದಾರೆ, ಏನು ಮಾಡಲಿ ಸರ್ ಎಂದು ಕೋಚ್ ಮುಖ ಸಣ್ಣದು ಮಾಡಿಕೊಂಡು ಹೇಳಿದ. ಮನೆಗೆ ಬಂದು ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಒಂದು ಲೇನಿಗೆ ಅಗಲ ಒಂದು ಮೀಟರ್, ಉದ್ದ ಹತ್ತು, ನಿಂತುಕೊಳ್ಳಲು ಹಿಂದೆ ಇನ್ನೊಂದು ಮೂರು. ಸುಮಾರು 140 ಚದರಡಿ. ಹತ್ತು ಲೇನಿಗೆ 1,400. ಒಂದು ಥರ್ಟಿ-ಫಾರ್ಟಿ ಸೈಟಿಗಿಂತ ದೊಡ್ಡದು, ಅದರಲ್ಲಿ ಬಹುಪಾಲು ಮನುಷ್ಯರು ಕಾಲಿಡಲೇಬಾರದ ಜಾಗ. ಆ ಬೀದಿಯ ಬಾಡಿಗೆ ದರದಲ್ಲಿ ಗುಣಿಸಿ, ದೀಪದ ಕರೆಂಟು ಸೇರಿಸಿ, ಸದಸ್ಯರ ಸಂಖ್ಯೆಯಿಂದ ಭಾಗಿಸಿದರೆ, ಅವರು ಏರಿಸಿ ಕೇಳುತ್ತಿರುವುದೂ ಕಡಿಮೆಯೇ. ಈ ಲೆಕ್ಕವನ್ನು ಕೋಚಿಗೆ ತೋರಿಸಿಲ್ಲ. ರಿಯಾಯಿತಿ ಮುಂದುವರಿಸುತ್ತೀರಾ ಎಂದಷ್ಟೇ ಕೇಳಿದ್ದೇನೆ.