ನಾಮಕ್ಕಲ್‌ನಲ್ಲಿ ಲಾರಿಗೆ ಅಳತೆ

ನಾಮಕ್ಕಲ್ ಅಂದರೆ ನಮಗೆಲ್ಲ ಮೊಟ್ಟೆ ನೆನಪಾಗುತ್ತೆ. ಲಾರಿ ಮಾಲೀಕರಿಗೆ ನೆನಪಾಗೋದು ‘ಬಾಡಿ’. ಹೊಸ ಲಾರಿ ಕಂಪನಿಯಿಂದ ಎಷ್ಟೋ ಸಲ ಬರೀ ಚಾಸಿಯಾಗಿ ಬರುತ್ತದೆ: ಎಂಜಿನ್, ಚಕ್ರ, ಸ್ಟೀರಿಂಗ್, ಅಷ್ಟೇ. ಕ್ಯಾಬಿನ್ನು, ಸರಕು ತುಂಬುವ ಬಾಡಿ ಆಮೇಲೆ ಕಟ್ಟಿಸಬೇಕು. ಆ ಕೆಲಸಕ್ಕೆ ತಮಿಳುನಾಡಿನ ಈ ಊರು ದೇಶಕ್ಕೆಲ್ಲ ಹೆಸರುವಾಸಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ ಸ್ವಂತ ಲಾರಿ ಕೊಳ್ಳುವ ಮನಸ್ಸು ಮಾಡಿದ್ದರು. ಸಾಲಕ್ಕೆ ನಾಲ್ಕೆಕರೆ ಹೊಲ ಅಡ ಇಡಬೇಕು. ಚಾಸಿ ಬುಕ್ ಮಾಡೋ ಮುಂಚೆ ಒಮ್ಮೆ ನೋಡಿ ಬರೋಣ ಅಂತ ಕಾಕಾ, ಲಾರಿ ಓಡಿಸಲಿರುವ ಡ್ರೈವರ್ ಅಣ್ಣ ಮತ್ತು ನಾನು ಬೆಂಗಳೂರಿನಿಂದ ಕಾರಿನಲ್ಲಿ ಹೊರಟೆವು.

ಹೊಸೂರು ದಾಟಿದ ಮೇಲೆ ಹೆದ್ದಾರಿ ತುಂಬ ಲಾರಿಗಳೇ. ಅವುಗಳ ಮೇಲಿನ ಸಂಖ್ಯೆ ಓದೋದನ್ನ ಅಣ್ಣ ಹೇಳಿಕೊಟ್ಟ. 2818 ಅಂದರೆ ಸರಕೂ ಸೇರಿ ಒಟ್ಟು ತೂಕ 28 ಟನ್, ಎಂಜಿನ್ ಸುಮಾರು 180 ಅಶ್ವಶಕ್ತಿ. 2018ರಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ ಭಾರದ ಮಿತಿ ಏರಿಸಿದಾಗ ಆರು ಚಕ್ರದ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್‌ಗೆ, ಹತ್ತು ಚಕ್ರದ್ದು 25ರಿಂದ 28 ಟನ್‌ಗೆ ಹೋಯಿತು.

“ಹತ್ತು ಗಾಲಿದ ತಗೊಳ್ಳೂಣು. ತಗೊಂಡ್ರ ದೊಡ್ಡದ ತಗೋಬೇಕು,” ಅಂದರು ಕಾಕಾ.

“ಸಾವ್ಕಾರ್ರ, ಮೆಣಸಿನಕಾಯಿ ತೂಕದ ಮಾಲಲ್ಲ, ಜಾಗದ ಮಾಲು,” ಅಂದ ಅಣ್ಣ.

ಮಾತು ನಿಜ. ಒಣ ಮೆಣಸಿನಕಾಯಿ ಚೀಲ ತುಂಬುತ್ತಾ ಹೋದರೆ ತೂಕದ ಮಿತಿ ಮುಟ್ಟುವ ಮೊದಲೇ ಬಾಡಿ ತುಂಬಿಬಿಡುತ್ತೆ. ಸಿಮೆಂಟು, ಕಬ್ಬಿಣಕ್ಕೆ ಇದು ತಿರುಗಾಮುರುಗಾ. ಬರುವಾಗ ಅಂಥ ಭಾರದ ಲೋಡು ಖಾಯಂ ಸಿಗುವ ಹಾಗಿದ್ದರೆ ಹತ್ತು ಚಕ್ರಕ್ಕೆ ಅರ್ಥವುಂಟು. ಇಲ್ಲದಿದ್ದರೆ ನಾಲ್ಕು ಟೈರು ಹೆಚ್ಚು, ಟೋಲ್ ಹೆಚ್ಚು, ಡೀಸೆಲ್ ಹೆಚ್ಚು, ಮೇಲಿಂದ ಕಂತು. ಕಾಕಾನಿಗೆ ಹಿಂದಿರುಗುವ ಲೋಡು ಇನ್ನೂ ಗೊತ್ತಾಗಿರಲಿಲ್ಲ.

ಧರ್ಮಪುರಿ ದಾಟಿ ಸೇಲಂ ಕಡೆ ಇಳಿಯುವಾಗ ತೊಪ್ಪೂರು ಘಾಟ್ ಸಿಗುತ್ತದೆ. ಲಾರಿ ಅಪಘಾತಗಳಿಗೆ ಕುಖ್ಯಾತವಾದ ಇಳಿಜಾರು. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ. ಕಾದ ಬ್ರೇಕು ಹಿಡಿಯೋದಿಲ್ಲ. ಕೆಳ ಗೇರಿನಲ್ಲಿ ಎಂಜಿನ್ನೇ ತಡೆದು ಹಿಡಿಯಬೇಕು. ಮಾತಾಡ್ತಿದ್ದ ಕಾಕಾ ಅಲ್ಲಿ ಸುಮ್ಮನಾದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ಚಕ್ರದ್ದಲ್ಲ, ಎಂಜಿನ್ ಬ್ರೇಕಿನದು.

ನಾಮಕ್ಕಲ್‌ನಲ್ಲಿ ಊರ ನಡುವೆ ಒಂದೇ ಬಂಡೆಯ ಬೆಟ್ಟ, ಮೇಲೆ ಕೋಟೆ. ಕೆಳಗೆ ಸೂರಿಲ್ಲದ ಗುಡಿಯಲ್ಲಿ ಆಂಜನೇಯ ಬಯಲಿಗೇ ನಿಂತಿದ್ದಾನೆ. ಕೈ ಮುಗಿದು ಬಾಡಿ ಕಟ್ಟುವ ಶೆಡ್ಡುಗಳ ಕಡೆ ಹೋದೆವು. ವೆಲ್ಡಿಂಗ್ ಕಿಡಿ, ಮರ ಕೊಯ್ಯುವ ಸದ್ದು, ಹಸಿ ಪೇಂಟಿನ ವಾಸನೆ. ಮೇಸ್ತ್ರಿ ಮೊದಲು ಕೇಳಿದ್ದೇ “ಏನು ಲೋಡು?” ಅಂತ. ಮೆಣಸಿನಕಾಯಿ ಅಂದ ತಕ್ಷಣ ಉದ್ದ ಚಾಸಿ, ಎತ್ತರದ ಪಕ್ಕೆ, ಹಗುರ ಬಾಡಿ ಅಂದುಬಿಟ್ಟರು. ಲೆಕ್ಕ ಸರಳ: ಒಟ್ಟು ತೂಕದ ಮಿತಿಯೊಳಗೆ ಬಾಡಿಯದೂ ಸೇರುವುದರಿಂದ ಅದರಲ್ಲಿ ಹೆಚ್ಚಿದ ಪ್ರತಿ ಕಿಲೋ ಸರಕಿನಲ್ಲಿ ಕಡಿಮೆ.

ಹೀಗೆ ಆರು ಚಕ್ರಕ್ಕೆ ತೀರ್ಮಾನ ಆಯಿತು. ಕಾಕಾನ ಮುಖ ಸ್ವಲ್ಪ ಸಣ್ಣದಾದದ್ದು ನಿಜ, ಆದರೆ ಕಂತು ಕಟ್ಟೋದು ಗತ್ತಿನಿಂದಲ್ಲವಲ್ಲ.

ನೀವೂ ಲಾರಿ ಕೊಳ್ಳುವವರಾದರೆ ಶೋರೂಮಿಗೆ ಹೋಗುವ ಮೊದಲು ಏನು ಒಯ್ಯುತ್ತೀರಿ, ಏನು ತರುತ್ತೀರಿ, ಯಾವ ರಸ್ತೆ ಅಂತ ಬರೆದಿಟ್ಟುಕೊಳ್ಳಿ. ಓಡಿಸುವವರನ್ನೂ ಕರೆದುಕೊಂಡು ಹೋಗಿ. ಅಲ್ಲಿ ಅರ್ಧ ಕಟ್ಟಿದ್ದ ಕ್ಯಾಬಿನ್ನಿನ ಮಲಗುವ ಹಲಗೆ ಮೇಲೆ ಅಣ್ಣ ಕಾಲು ಚಾಚಿದ, ಮೊಣಕಾಲು ಮಡಚಬೇಕಾಯಿತು. “ಇಪ್ಪತ್ತ ವರ್ಷ ಹಿಂಗ ಮಲಗೇನ್ರಿ,” ಅಂದ. ಕಾಕಾ ಮೇಸ್ತ್ರಿಯ ಟೇಪು ಇಸಕೊಂಡು ತಾವೇ ಅವನ ಉದ್ದ ಅಳೆದು ಬರೆಸಿದರು.